ಮನೆ ನಿಮ್ಮ ಹೆಸರಿಗೆ, ನಿಮ್ಮೊಬ್ಬರ ಹೆಸರಿಗೆ

ಫ್ಲ್ಯಾಟ್ ನೋಡಲು ಹೋದಾಗಲೆಲ್ಲ ಬ್ರೋಕರ್ ಕೇಳುತ್ತಿದ್ದದ್ದು ಒಂದೇ ಮಾತು: "ಸರ್ ಯಾವಾಗ ಬರ್ತಾರೆ ಮೇಡಂ?" ಸರ್ ಇಲ್ಲ ಎಂದರೆ, "ಹಾಗಾದ್ರೆ ನಿಮ್ಮ ತಂದೆಯವರನ್ನ ಕರ್ಕೊಂಡು ಬನ್ನಿ." ಮನೆ ಕೊಳ್ಳಲು ಯಾವ ಗಂಡಸಿನ ಸಹಿಯೂ ಬೇಕಿಲ್ಲ. ಬ್ಯಾಂಕ್ ನೋಡುವುದು ನಿಮ್ಮ ಸಂಬಳ, ಸಿಬಿಲ್ ಸ್ಕೋರ್ (ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂದು ಹೇಳುವ ಅಂಕ) ಮತ್ತು ಮನೆಯ ಕಾಗದಪತ್ರ. ಬೆಂಗಳೂರಿನಲ್ಲಿ ಒಬ್ಬರೇ ಮನೆ ಕೊಳ್ಳುವ ಹೆಣ್ಣುಮಕ್ಕಳು ಹೀಗೆ ಶುರು ಮಾಡಿ.

ಮೊದಲು ದುಡ್ಡಿನ ಲೆಕ್ಕ. 60 ಲಕ್ಷದ ಫ್ಲ್ಯಾಟಿಗೆ ಬ್ಯಾಂಕ್ ಹೆಚ್ಚೆಂದರೆ ಶೇ 80, ಅಂದರೆ 48 ಲಕ್ಷ ಕೊಡುತ್ತದೆ. ಉಳಿದ 12 ಲಕ್ಷ ನಿಮ್ಮ ಕೈಯಿಂದಲೇ. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ಶೇ 7.6. ಅದು ಇನ್ನೂ ನಾಲ್ಕೂವರೆ ಲಕ್ಷ, ಸಾಲದಲ್ಲಿ ಸೇರುವುದಿಲ್ಲ. ದೆಹಲಿಯಲ್ಲಿ ಹೆಣ್ಣುಮಕ್ಕಳಿಗೆ ಮುದ್ರಾಂಕ ಶುಲ್ಕ ಕಡಿಮೆ. ನಮ್ಮಲ್ಲಿ ಆ ರಿಯಾಯಿತಿ ಇಲ್ಲ, ಇರಬೇಕಿತ್ತು. ಕೆಲವು ಬ್ಯಾಂಕುಗಳು ಮಹಿಳೆಯರಿಗೆ ಬಡ್ಡಿಯಲ್ಲಿ ಶೇ 0.05 ಇಳಿಸುತ್ತವೆ, ಕೇಳಿ ಪಡೆಯಿರಿ. 48 ಲಕ್ಷದ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ, 20 ವರ್ಷಕ್ಕೆ, ತಿಂಗಳ ಕಂತು ಸುಮಾರು 41,650 ರೂಪಾಯಿ. ಕಷ್ಟ ಬಂದರೆ ಮನೆಯಲ್ಲಿ ಇನ್ನೊಂದು ಸಂಬಳವಿಲ್ಲ, ಅಲ್ವಾ? ಆರು ತಿಂಗಳ ಕಂತು ಬೇರೆ ಎತ್ತಿಟ್ಟ ಮೇಲೆಯೇ ಮುಂಗಡ ಕೊಡಿ.

ಮನೆಯನ್ನು ಎರಡು ಸಲ ನೋಡಿ. ಒಮ್ಮೆ ಹಗಲಲ್ಲಿ, ಒಮ್ಮೆ ರಾತ್ರಿ ಎಂಟಕ್ಕೆ ಬಸ್ ಸ್ಟಾಪಿನಿಂದ ನಡೆದುಕೊಂಡು. ನಾನು ಹಾಗೆ ಹೋದಾಗ ಕೊನೆಯ ತಿರುವಿನಲ್ಲಿ ಒಂದೂ ಬೀದಿದೀಪ ಇರಲಿಲ್ಲ. ಬೆಳಿಗ್ಗೆ ಭರ್ರನೆ ಸುರಿದಿದ್ದ ಅಡುಗೆಮನೆ ನಲ್ಲಿಯಲ್ಲಿ ಆಗ ಹನಿ ನೀರೂ ಬರಲಿಲ್ಲ. ಆ ಮನೆ ಬಿಟ್ಟೆ.

ಇನ್ನು ಕಾಗದಪತ್ರ. ಹೊಸ ಕಟ್ಟಡವಾದರೆ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಪ್ರಾಧಿಕಾರವಾದ ಕರ್ನಾಟಕ ರೇರಾದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹುಡುಕಿ. ಕರಾರು ಪತ್ರ ನೋಂದಣಿ ಆಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಹಳೆಯ ಮನೆಯಾದರೆ ಮೂಲ ಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುವ ಇಸಿ (ಮನೆಯ ಮೇಲಿನ ಸಾಲ, ಮಾರಾಟಗಳ ದಾಖಲೆಯಾದ ಋಣಭಾರ ಪತ್ರ), ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಎಂಬ ಪಾಲಿಕೆಯ ಡಿಜಿಟಲ್ ದಾಖಲೆ), ತೆರಿಗೆ ರಸೀದಿ ನೋಡಿ. ಬ್ಯಾಂಕಿನ ವಕೀಲರು ನೋಡ್ತಾರೆ ಎಂದು ಸುಮ್ನೆ ಕೂರಬೇಡಿ. ಅವರು ಕಾಯುವುದು ಬ್ಯಾಂಕಿನ ದುಡ್ಡನ್ನು. ನಿಮ್ಮದೇ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಬೆಲೆ 50 ಲಕ್ಷ ಮುಟ್ಟಿದರೆ, ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವುದು ನಿಮ್ಮ ಹೊಣೆ.

ಆಧಾರ್‌, ಪ್ಯಾನ್‌ ಎರಡರಲ್ಲೂ ಹೆಸರು ಒಂದೇ ಥರ ಇರಲಿ. ವಿಚ್ಛೇದನ ಆದವರು ಹಳೆಯ ಹೆಸರು, ವಿಳಾಸವನ್ನು ನೋಂದಣಿಗೆ ಮೊದಲೇ ಸರಿಪಡಿಸಿಕೊಳ್ಳಿ.

ಕೀಲಿ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ: ವಿಲ್. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಗಂಡನನ್ನು ಕಳೆದುಕೊಂಡ, ಮಕ್ಕಳಿಲ್ಲದ ಹೆಣ್ಣುಮಗಳು ವಿಲ್ ಬರೆಯದೆ ತೀರಿಕೊಂಡರೆ, ಆಕೆ ದುಡಿದು ಕೊಂಡ ಮನೆ ಹೋಗುವುದು ಗಂಡನ ಕಡೆಯ ವಾರಸುದಾರರಿಗೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ಹೆತ್ತವರಿಗೆ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿದರೆ ವಿಲ್ ನಡೆಯುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಗಟ್ಟಿ. ನಾನು ಕ್ರಯಪತ್ರ ಕೈಗೆ ಬಂದ ವಾರವೇ ಬರೆದಿಟ್ಟೆ, ತಂಗಿ ಮಗಳ ಹೆಸರಿಗೆ.