ಒಂದು ಡಬಲ್ ಕ್ಲಿಕ್‌ಗೆ 24 ಫೋಲ್ಡರ್: ಸ್ಟುಡಿಯೋದಲ್ಲಿ ನಾನು ಮಾಡಿಕೊಂಡ ದಾರಿ

ಅರಸೀಕೆರೆ ಕಡೆ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ಮುಗಿಸಿ ಬಂದು ಕ್ಯಾಮೆರಾದ ಮೆಮೊರಿ ಕಾರ್ಡ್ ಹಾಕುವ ಮೊದಲು ಡೆಸ್ಕ್‌ಟಾಪ್ ಮೇಲಿನ ಒಂದು ಫೈಲ್‌ಗೆ ಡಬಲ್ ಕ್ಲಿಕ್ ಕೊಟ್ಟು ಪಾರ್ಟಿ ಹೆಸರು ಟೈಪ್ ಮಾಡುತ್ತೇನೆ. ಎಂಟರ್ ಒತ್ತಿದರೆ ಫೋಟೋ ವಿಂಗಡಿಸಿಡಲು 24 ಫೋಲ್ಡರ್ ಸಿದ್ಧ. ಕಮಾಂಡ್ ಟೈಪ್ ಮಾಡುವ ಕರಿ ಕಿಟಕಿಯಲ್ಲಿ ಇದನ್ನು ಶುರು ಮಾಡಿದಾಗ ನಮ್ಮ ಲೈನಿನವರೇ "ಕರಿ ಸ್ಕ್ರೀನ್ ಮುಂದೆ ಕೂತರೆ ಆಲ್ಬಮ್ ಮಾಡೋರು ಯಾರು ಬಿಡಿ ಸಾರ್" ಅಂದಿದ್ದರು. ಈಗ ಅವರಲ್ಲಿ ಮೂವರು ನನ್ನ ಫೈಲನ್ನೇ ಬಳಸುತ್ತಿದ್ದಾರೆ.

ಇದಕ್ಕೆ ಕೈ ಹಾಕಿಸಿದ್ದು 2019ರ ಒಂದು ಪೆಟ್ಟು. ಆಗ ಎರಡು ಕ್ಯಾನನ್ ಬಾಡಿ ಇದ್ದವು. ಎರಡು ಕ್ಯಾಮೆರಾದ ಫೋಟೋ ಫೈಲಿಗೂ ಐಎಂಜಿ (IMG) ಅಂತಲೇ ಶುರುವಾಗುವ ನಾಲ್ಕಂಕಿ ನಂಬರಿನ ಹೆಸರು, ಹಾಗಾಗಿ ಒಂದೇ ಹೆಸರು ಎರಡರಲ್ಲೂ ಇರುತ್ತಿತ್ತು. ಮೊದಲನೇ ಕಾರ್ಡ್ 'ನ್ಯೂ ಫೋಲ್ಡರ್ (7)' ಅಂತ ಏನೋ ಒಂದಕ್ಕೆ ಇಳಿದಿತ್ತು. ನಮ್ಮ ಹುಡುಗ ಎರಡನೇದನ್ನೂ ಅದರೊಳಗೇ ಸುರಿದ. ರಿಪ್ಲೇಸ್ ಮಾಡಲೇ ಅಂತ ಕೇಳಿದ್ದಕ್ಕೆ ನಿದ್ದೆಗಣ್ಣಲ್ಲಿ ಹೂಂ ಒತ್ತಿದ. ಧಾರೆಯ ಫ್ರೇಮುಗಳೇ ಹೋದವು. ಅಷ್ಟರಲ್ಲಿ ಮೊದಲ ಕಾರ್ಡ್ ಫಾರ್ಮ್ಯಾಟ್ ಆಗಿ ಇನ್ನೊಂದು ಫಂಕ್ಷನ್ ಕೂಡ ಶೂಟ್ ಆಗಿತ್ತು. ಬೆಂಗಳೂರಿನಲ್ಲಿ ರಿಕವರಿಗೆ ಕೊಟ್ಟೆ, ಏಳೆಂಟು ಸಾವಿರ ತಗೊಂಡರು, ಅರ್ಧಕ್ಕಿಂತ ಕಡಿಮೆ ಬಂತು. ಪಾರ್ಟಿಯವರು ಬಾಕಿಯಲ್ಲಿ ಇಪ್ಪತ್ತು ಸಾವಿರ ಹಿಡಿದರು. ಹಿಡಿದದ್ದು ನ್ಯಾಯವೇ. ತಾಳಿ ಕಟ್ಟಿದ ಗಳಿಗೆಯನ್ನು ಇನ್ನೊಂದು ಸಲ ತೆಗೆಯೋದಕ್ಕೆ ಆಗುತ್ತದೆಯೇ?

ಆಮೇಲೆ ಶಿಸ್ತಾಗಿ ಕೈಯಲ್ಲೇ ಫೋಲ್ಡರ್ ಮಾಡೋಣ ಅಂತ ಹೊರಟೆ. ಕಂಟ್ರೋಲ್ ಶಿಫ್ಟ್ ಎನ್ ಒತ್ತುತ್ತಾ ಹೋದರೂ ಎಲ್ಲಕ್ಕೂ ಹೆಸರು ಕೊಡಲು ಹತ್ತು ನಿಮಿಷ ಬೇಕು. ವೈಶಾಖದಲ್ಲಿ ರಾತ್ರಿ ಒಂದು ಗಂಟೆಗೆ ಬಂದವರು ಯಾರು ಮಾಡುತ್ತಾರೆ? ಖಾಲಿ ಫೋಲ್ಡರುಗಳ ಒಂದು ಮಾದರಿ ಇಟ್ಟು ಕಾಪಿ ಪೇಸ್ಟ್ ಮಾಡಿದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಯಾರೋ ಮಾದರಿಯೊಳಗೇ ಫೋಟೋ ಇಳಿಸಿಬಿಟ್ಟರು. ಒಬ್ಬರ ಮನೆ ಮದುಮಗಳ ಫೋಟೋ ಇನ್ನೊಬ್ಬರ ಪೆನ್‌ಡ್ರೈವ್‌ಗೆ ಹೋಯಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ.

ಕೊನೆಗೆ ನೋಟ್‌ಪ್ಯಾಡ್‌ನಲ್ಲಿ ಬ್ಯಾಚ್ ಫೈಲ್ ಬರೆದೆ, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟು ಒಂದೇ ಸಲಕ್ಕೆ ಓಡಿಸುವ ಫೈಲ್. ಫೋಲ್ಡರ್ ಮಾಡುವ ಎಂಡಿ (md) ಕಮಾಂಡ್ ಕಂಪ್ಯೂಟರ್ ಬಲ್ಲವರಿಗೆಲ್ಲ ಗೊತ್ತಿರುವುದೇ. ಆದರೆ ನನಗೆ ಮೂರು ವಾರ ಹಿಡಿಯಿತು. ಮೊದಲ ದಿನ ಗಂಡು ಹೆಣ್ಣಿನ ಹೆಸರನ್ನು ನಡುವೆ ಜಾಗ ಬಿಟ್ಟು ಕೊಟ್ಟೆ. ಕೊಟೇಶನ್ ಗುರುತು ಹಾಕಿರಲಿಲ್ಲ, ಗಂಡಿಗೊಂದು ಹೆಣ್ಣಿಗೊಂದು ಅಂತ ಬೇರೆ ಬೇರೆ ಫೋಲ್ಡರ್ ಆದವು. ನಡುವೆ '&' ಹಾಕಿದರೆ ಹೆಣ್ಣಿನ ಹೆಸರನ್ನೇ ಕಮಾಂಡ್ ಅಂದುಕೊಂಡು ಎರರ್ ಕೊಟ್ಟಿತು. ತಾರೀಖನ್ನು ಕಂಪ್ಯೂಟರೇ ಹಾಕಲಿ ಅಂತ ಬಿಟ್ಟೆ. ನನ್ನ ಮಷೀನಿನಲ್ಲಿ ಸರಿಯಿತ್ತು. ಗೆಳೆಯರ ಮಷೀನಿನಲ್ಲಿ ತಾರೀಖು ಓರೆಗೆರೆಯ (/) ಜೊತೆ ಬರುತ್ತಿತ್ತು, ಫೋಲ್ಡರ್ ಒಳಗೆ ಫೋಲ್ಡರ್ ಆಗಿ ವರ್ಷ ಎಲ್ಲೋ ತಳಕ್ಕೆ ಹೋಯಿತು. ಈಗ ವರ್ಷ-ತಿಂಗಳು-ದಿನ ಅಂತ ನಾನೇ ಟೈಪ್ ಮಾಡುತ್ತೇನೆ, ಮದುವೆಗಳು ತಾವಾಗಿಯೇ ವರಸೆಯಾಗಿ ನಿಲ್ಲುತ್ತವೆ. ಮಿಕ್ಸರ್‌ನಿಂದ ತಗೊಂಡ ಆಡಿಯೋಗೆ 'ಎಯುಎಕ್ಸ್' (AUX) ಅಂತ ಹೆಸರಿಟ್ಟು ಇಡೀ ಸಂಜೆ ಒದ್ದಾಡಿದೆ. ವಿಂಡೋಸಿಗೂ ಹಿಂದಿನ ಡಾಸ್ ಕಾಲದಿಂದ ಆ ಹೆಸರು ಡಿವೈಸ್‌ಗೆ ಮೀಸಲು, ವಿಂಡೋಸ್ ಕೊಡುವುದೇ ಇಲ್ಲ. 'ಸೌಂಡ್' ಅಂತ ಬದಲಾಯಿಸಿ, ವಿಡಿಯೋ ಫೋಲ್ಡರಿನಲ್ಲೇ ಫೈಲ್ ಹೆಸರಾಗಿ ಇಟ್ಟುಕೊಂಡೆ.

ವಿಂಗಡಣೆ ಹೀಗೆ: ನಾಂದಿ, ವರಪೂಜೆ, ಆರತಕ್ಷತೆ, ಮುಹೂರ್ತ, ಬೀಗರೂಟ. ಒಂದೊಂದರಲ್ಲೂ ಕ್ಯಾಮೆರಾ 1, ಕ್ಯಾಮೆರಾ 2, ವಿಡಿಯೋ. ಹೊರಗೆ ಸೆಲೆಕ್ಷನ್, ಆಲ್ಬಮ್, ಪ್ರಿಂಟ್. ಎಂಡಿಗೆ ತೀರಾ ಒಳಗಿನ ದಾರಿ ಕೊಟ್ಟರೆ ಮೇಲಿನವನ್ನೂ ಅದೇ ಕಟ್ಟಿಕೊಳ್ಳುತ್ತದೆ. ಹಾಗಾಗಿ 18 ಸಾಲಿಗೆ, ಪಾರ್ಟಿ ಹೆಸರಿನದೂ ಸೇರಿ, 24 ಫೋಲ್ಡರ್. ಕಾರ್ಡ್ ಯಾವ ಕ್ಯಾಮೆರಾದ್ದು ಅಂತ ಗುರುತಿಸಿ ಸರಿಯಾದ ಜಾಗಕ್ಕೆ ಇಳಿಸುವ ಇನ್ನೆರಡು ಸಾಲು ಇವೆ. ಅವನ್ನು ಬರೆಯುವುದಿಲ್ಲ, ಅದು ನನ್ನ ಅನ್ನ.

ಮಧ್ಯೆ ಕನ್ನಡ ಹೆಸರಿನ ಹುಚ್ಚೂ ಹತ್ತಿತ್ತು. ಕನ್ನಡ ಟೈಪಿಂಗಿನ ಹಳೆಯ 'ನುಡಿ' ಸಾಫ್ಟ್‌ವೇರ್‌ನಲ್ಲಿ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಅಲ್ಲದೆ, ಟೈಪ್ ಮಾಡಿ ಅಂಟಿಸಿದರೆ ಬರೀ ಇಂಗ್ಲಿಷ್ ಕಸ ಕಂಡಿತು. ಯೂನಿಕೋಡ್‌ನಲ್ಲಿ ಕೈಯಿಂದ ಮಾಡಿದ್ದು ಸರಿಯಾಗಿತ್ತು, ಬ್ಯಾಚ್ ಫೈಲ್‌ನಲ್ಲಿ ಮತ್ತೆ ಕಸ. ಫೈಲನ್ನು ಯೂನಿಕೋಡಿನ ಯುಟಿಎಫ್-8 ಅಂತ ಸೇವ್ ಮಾಡಿ, ಮೊದಲ ಸಾಲಿಗೆ ಅದನ್ನೇ ಓದು ಅಂತ ಹೇಳುವ ಕೋಡ್ ಪೇಜ್ 65001 ಹಾಕಿದ ಮೇಲೆ 'ಬೀಗರೂಟ' ಅಂತ ದುಂಡಗೆ ಬಂತು. ಆದರೆ ನನ್ನ ಹಳೆಯ ಆಲ್ಬಮ್ ಸಾಫ್ಟ್‌ವೇರ್‌ಗೆ ಆ ದಾರಿ ತೆರೆಯಲು ಬರಲಿಲ್ಲ. ಹಾಗಾಗಿ ಕೆಲಸಕ್ಕೆ ಇಂಗ್ಲಿಷ್ ಅಕ್ಷರ, ಪಾರ್ಟಿಗೆ ಕೊಡುವ ಪೆನ್‌ಡ್ರೈವ್‌ಗೆ ಮಾತ್ರ ಕನ್ನಡ. ಮನೆಯ ಅಜ್ಜಿಯರೂ 'ವರಪೂಜೆ' ಅಂತ ಓದಿ ತೆಗೆದು ನೋಡುತ್ತಾರೆ, ನನಗೆ ಅದೇ ಖುಷಿ.

ನಾಲ್ಕು ವರ್ಷ, ನೂರೈವತ್ತರ ಹತ್ತಿರ ಮದುವೆ. ಒಂದು ಫ್ರೇಮೂ ಕಳೆದಿಲ್ಲ. ಹಳೆಯ ಡ್ರೈವುಗಳಲ್ಲಿ 'ನ್ಯೂ ಫೋಲ್ಡರ್' ಇನ್ನೂ ರಾಶಿ ಬಿದ್ದಿವೆ. ಆಷಾಢದಲ್ಲಿ ಮದುವೆ ಇರುವುದಿಲ್ಲವಲ್ಲ, ಆಗ ದಿನಕ್ಕೆ ಎರಡು ಮದುವೆಯಂತೆ ಬಿಡಿಸಿ ಹಾಕುತ್ತಿದ್ದೇನೆ. 2016ರವರೆಗೆ ಮುಗಿದಿದೆ.