ಮರದ ಕಿಟಕಿ ಬಾಗಿಲಿನ ಮೇಲಂಚು, ಕೆಳಂಚಿಗೂ ಬಣ್ಣ ಹಚ್ಚಿಸಿ
ಕರಾವಳಿ, ಮಲೆನಾಡು ಕಡೆ ಮರದ ಕಿಟಕಿ ಇರುವವರು ಮಳೆಗಾಲಕ್ಕೆ ಮುಂಚೆ ಇದೊಂದು ಮಾಡಿ. ಹೊರಗಿನ ಕಿಟಕಿ ಬಾಗಿಲನ್ನು ಹಿಂಜಿನಿಂದ ಬಿಚ್ಚಿ, ಮೇಲಿನ ಮತ್ತು ಕೆಳಗಿನ ಅಂಚಿಗೂ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಎರಡು ಕೋಟ್ ಎನಾಮಲ್ ಪೇಂಟ್ ಕೊಡಿ. ಕಣ್ಣಿಗೆ ಕಾಣುವ ಮುಖ ಮಾತ್ರ ಬಳಿದು ಬಿಡುವುದೇ ಜಾಸ್ತಿ, ಅಲ್ವಾ? ಆದರೆ ಬಾಗಿಲಿನ ಎರಡು ಬದಿಯಲ್ಲಿ ನಿಂತಿರುವ ಉದ್ದಪಟ್ಟಿಗಳ ಕೊಯ್ದ ತುದಿ ಇರುವುದು ಆ ಅಂಚಿನಲ್ಲೇ. ಮರ ಅತಿ ಹೆಚ್ಚು ನೀರು ಹೀರುವುದೂ ಅಲ್ಲಿಂದಲೇ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಮೂಲೆ ಕೊಳೆಯುತ್ತದೆ. ಹೊರಗಡೆಗೆ ಸಾದಾ ವಾರ್ನಿಷ್ ನಂಬಬೇಡಿ. ಬಿಸಿಲು ಅದನ್ನು ದಾಟಿ ಮರಕ್ಕೆ ತಾಗಿ, ವಾರ್ನಿಷ್ ಸಿಪ್ಪೆ ಏಳುತ್ತದೆ. ಪೇಂಟ್‌ನಲ್ಲಿರುವ ಬಣ್ಣದ ಪುಡಿ ಬಿಸಿಲನ್ನು ತಡೆಯುತ್ತದೆ. ಒಳಗಿನ ಬಾಗಿಲಿಗೆ ಪಾಲಿಶ್ ಸಾಕು, ಸುಮ್ನೆ ಒಣಬಟ್ಟೆಯಲ್ಲಿ ಒರೆಸಿದರಾಯ್ತು. ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಕೂಡ ಒಳಗೆ ನಡೆಯುತ್ತದೆ, ಹೊರಗೆ ಖಂಡಿತ ಬೇಡ, ನೀರು ಕುಡಿದು ಊದಿಕೊಳ್ಳುತ್ತದೆ. ಒಂದು ಎಚ್ಚರ: ಮರ ಹಸಿ ಇದ್ದಾಗ ಹಚ್ಚಿದರೆ ಬಣ್ಣ ಗುಳ್ಳೆ ಏಳುತ್ತದೆ, ಹಾಗಾಗಿ ಏಪ್ರಿಲ್, ಮೇ ಬಿಸಿಲೇ ಸರಿ. ಮೂಲೆ ಆಗಲೇ ಉಗುರು ಇಳಿಯುವಷ್ಟು ಮೆತ್ತಗಾಗಿದ್ದರೆ ಬಣ್ಣದಿಂದ ಏನೂ ಆಗದು, ಬಡಗಿಯನ್ನು ಕರೆಸಿ ಆ ತುಂಡು ಬದಲಾಯಿಸಿ.