ಸ್ಟ್ರೋಕರ್ ಶಾರ್ಟ್ ಬ್ಲಾಕ್ ಕೊಳ್ಳುವ ಮೊದಲು ಅಳತೆಯ ಹಾಳೆ ಕೇಳಿ

350 ಘನ ಇಂಚಿನ ಷೆವರ್ಲೆ ವಿ8 ಎಂಜಿನ್ನನ್ನು ಹೊರಗಿನಿಂದ ಕೂದಲೆಳೆಯಷ್ಟೂ ದೊಡ್ಡದು ಮಾಡದೆ 383 ಘನ ಇಂಚಿಗೆ ಏರಿಸಬಹುದು. ಬೋರನ್ನು, ಅಂದರೆ ಸಿಲಿಂಡರಿನ ತೂತಿನ ಅಗಲವನ್ನು, 4.000 ಇಂಚಿನಿಂದ 4.030ಕ್ಕೆ ಕೊರೆಸಿದರೆ ಸಿಗುವುದು ಸುಮಾರು 5 ಘನ ಇಂಚು ಮಾತ್ರ. ಉಳಿದದ್ದೆಲ್ಲ ಪಿಸ್ಟನ್ನುಗಳ ಏರಿಳಿತವನ್ನು ಸುತ್ತಾಗಿಸುವ ದಂಡ, ಕ್ರ್ಯಾಂಕಿನ ಕೊಡುಗೆ. ಮೂಲ ಕ್ರ್ಯಾಂಕ್ ಪಿಸ್ಟನ್ನನ್ನು 3.48 ಇಂಚು ಓಡಿಸಿದರೆ ಹೊಸದು 3.75 ಇಂಚು ಓಡಿಸುತ್ತದೆ. ಈ ಓಟಕ್ಕೆ ಸ್ಟ್ರೋಕ್ ಎಂದು ಹೆಸರು; ಓಟ ಉದ್ದವಾದ ಎಂಜಿನ್ನಿಗೇ ಸ್ಟ್ರೋಕರ್ ಎನ್ನುವುದು.

ಮೊದಲೆಲ್ಲ ಹವ್ಯಾಸಿಗಳು 1970ರಲ್ಲಿ ಬಂದ 400 ಘನ ಇಂಚಿನ ಷೆವರ್ಲೆ ಎಂಜಿನ್ನಿನ ಕ್ರ್ಯಾಂಕನ್ನು ಹುಡುಕಿ ತಂದು, ಅದರ ಮೇನ್ ಜರ್ನಲ್‌ಗಳನ್ನು (ಬ್ಲಾಕಿನ ಬೇರಿಂಗಿನಲ್ಲಿ ತಿರುಗುವ ಭಾಗಗಳನ್ನು) 2.65 ಇಂಚಿನಿಂದ 2.45ಕ್ಕೆ ತಿರುವಿಸಿ 350ರ ಬ್ಲಾಕಿಗೆ ಕೂರಿಸುತ್ತಿದ್ದರು. ಈಗ ಅಷ್ಟು ಪಾಡು ಬೇಕಿಲ್ಲ. ಸರಿಯಾದ ಜರ್ನಲ್ ಇರುವ ಕ್ರ್ಯಾಂಕ್ ಸಿದ್ಧವಾಗಿ ಸಿಗುತ್ತದೆ. ಇನ್ನೂ ಮುಂದೆ ಹೋಗಿ, ಬ್ಲಾಕಿನಲ್ಲಿ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವನ್ನೂ ಜೋಡಿಸಿ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಅದೇ ಶಾರ್ಟ್ ಬ್ಲಾಕ್. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್, ವಾಲ್ವ್, ಆಯಿಲ್ ಪ್ಯಾನ್, ಮ್ಯಾನಿಫೋಲ್ಡ್ ಅದರಲ್ಲಿ ಇರುವುದಿಲ್ಲ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಕೆಲವರು ಹಾಕಿ ಕೊಡುತ್ತಾರೆ, ಕೆಲವರು ಇಲ್ಲ, ಕೇಳಿಯೇ ತಿಳಿಯಬೇಕು.

ಜೋಡಿಸಿದ್ದನ್ನು ಕೊಂಡರೆ ಸಮಯ ಉಳಿಯುತ್ತದೆ, ನಿಜ. ಆದರೆ ಒಳಗಿನ ಒಂದೊಂದು ಸಂದನ್ನೂ ಅಳೆದವರು ನೀವಲ್ಲ. ಹಾಗಾಗಿ ಹಣ ಕೊಡುವುದು ಲೋಹಕ್ಕೆ ಎಷ್ಟೋ, ಆ ಅಳತೆಗಳಿಗೂ ಅಷ್ಟೇ ಎಂದುಕೊಂಡು ಹೊರಡಿ.

ಮೊದಲು ಹೆಡ್ ನಿರ್ಧರಿಸಿ

ಹೆಚ್ಚಿನವರು ಮೊದಲು ಶಾರ್ಟ್ ಬ್ಲಾಕ್ ತರಿಸುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಹೆಡ್ ಹುಡುಕುತ್ತಾರೆ. ಇದು ತಿರುವುಮುರುವು. ಹೆಡ್, ಕ್ಯಾಮ್, ಹಾಕುವ ಪೆಟ್ರೋಲು, ಗಾಡಿಯ ಬಳಕೆ ಇಷ್ಟು ಗೊತ್ತಾದ ಮೇಲೆಯೇ ಯಾವ ಪಿಸ್ಟನ್ ಬೇಕೆಂದು ಹೇಳಲು ಸಾಧ್ಯ. ಪಿಸ್ಟನ್ ಈಗಾಗಲೇ ಬ್ಲಾಕಿನೊಳಗೆ ಕೂತಿರುವುದರಿಂದ ಆಮೇಲೆ ಮನಸ್ಸು ಬದಲಿಸಿದರೆ ಖರ್ಚು ದುಬಾರಿ.

ಲೆಕ್ಕ ನೋಡಿ. 4.030 ಬೋರು, 3.48 ಸ್ಟ್ರೋಕ್ ಇದ್ದರೆ ಒಂದು ಸಿಲಿಂಡರಿನ ಗಾತ್ರ ಸುಮಾರು 727 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಹೀಗಿರಲಿ: ಹೆಡ್ಡಿನ ಚೇಂಬರ್ 64 ಸಿಸಿ, ಚಪ್ಪಟೆ ಪಿಸ್ಟನ್ನಿನ ವಾಲ್ವ್ ಗುಳಿ 5, ಗ್ಯಾಸ್ಕೆಟ್ಟಿನ ದಪ್ಪದಿಂದ 9, ಪಿಸ್ಟನ್ ತಲೆಗೂ ಬ್ಲಾಕಿನ ಡೆಕ್ಕಿಗೂ (ಹೆಡ್ ಕೂರುವ ಚಪ್ಪಟೆ ಮುಖಕ್ಕೂ) ನಡುವಿನ ಸಂದು 3. ಒಟ್ಟು 81. ಸಿಲಿಂಡರ್ ಗಾತ್ರಕ್ಕೆ ಈ 81 ಕೂಡಿಸಿ 81ರಿಂದ ಭಾಗಿಸಿದರೆ ಕಂಪ್ರೆಷನ್ ಅನುಪಾತ: 10ಕ್ಕೆ 1. ಮಿಕ್ಕಿದ್ದೇನನ್ನೂ ಮುಟ್ಟದೆ ಸ್ಟ್ರೋಕನ್ನು ಮಾತ್ರ 3.75 ಮಾಡಿ. ಸಿಲಿಂಡರ್ ಗಾತ್ರ 784 ಸಿಸಿ ಆಗುತ್ತದೆ, ಅನುಪಾತ 10.7ಕ್ಕೆ ಹಾರುತ್ತದೆ. ಕಬ್ಬಿಣದ ಹೆಡ್ಡು, ಸಾಧಾರಣ ಆಕ್ಟೇನಿನ ಪೆಟ್ರೋಲು, ಚಿಕ್ಕ ಕ್ಯಾಮ್ ಇದ್ದರೆ ಅಷ್ಟಕ್ಕೆ ಎಂಜಿನ್ ನಾಕಿಂಗ್, ಅಂದರೆ ಮಿಶ್ರಣ ತಾನಾಗಿ ಹೊತ್ತಿ ಬಡಿಯುವುದು, ಶುರು ಮಾಡುವುದು ಬಹುತೇಕ ಖಾತ್ರಿ. ಚಪ್ಪಟೆ ಪಿಸ್ಟನ್ನಿನ ಬದಲು 18 ಸಿಸಿ ತಗ್ಗಿರುವ ಪಿಸ್ಟನ್ ಹಾಕಿದರೆ ಅದೇ ಎಂಜಿನ್ 9.3ಕ್ಕೆ ಇಳಿಯುತ್ತದೆ.

ಜಾಹೀರಾತಿನಲ್ಲಿ ಅನುಪಾತ ಇಷ್ಟು ಎಂದು ಮಾತ್ರ ಬರೆದಿದ್ದರೆ ಅದು ಅರ್ಧ ಮಾತು. ಎಷ್ಟು ಸಿಸಿಯ ಚೇಂಬರಿಗೆ, ಎಷ್ಟು ದಪ್ಪದ ಗ್ಯಾಸ್ಕೆಟ್ಟಿಗೆ ಎಂದು ಕೇಳಿ, ನಿಮ್ಮ ಹೆಡ್ಡಿನ ಸಂಖ್ಯೆ ಹಾಕಿ ನೀವೇ ಲೆಕ್ಕ ಮಾಡಿ.

ಹೆಡ್ ಮೊದಲು ಎನ್ನುವುದಕ್ಕೆ ಇನ್ನೊಂದು ಕಾರಣ ಗಾಳಿ. ದೊಡ್ಡ ಎಂಜಿನ್ನಿಗೆ ಹಳೆಯ ಕಿರಿದಾದ ಹೆಡ್ಡನ್ನೇ ಕೂರಿಸಿದರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿರುತ್ತದೆ, ಆದರೆ ಉಸಿರು ಬೇಗ ಕಟ್ಟುತ್ತದೆ. ಭಾರ ಎಳೆಯುವ ಗಾಡಿಗೆ ಅದು ತಪ್ಪೇನಲ್ಲ. ಓಟದ ಗಾಡಿಗೆ ಅದು ಹಾಳು ಖರ್ಚು.

ಬ್ಲಾಕ್ ಯಾವ ಕಾಲದ್ದು?

ಒಂದೇ ಹೆಸರಿನ ಎಂಜಿನ್ ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. 350, 400 ಎರಡೂ ಸೇರುವ ಷೆವರ್ಲೆ ಸ್ಮಾಲ್ ಬ್ಲಾಕ್ ಕುಟುಂಬದಲ್ಲಿ ಕ್ರ್ಯಾಂಕಿನ ಹಿಂದೆ ಆಯಿಲ್ ತಡೆಯುವ ಮೇನ್ ಸೀಲ್ 1985ರವರೆಗೆ ಎರಡು ತುಂಡು, 1986ರಿಂದ ಒಂದೇ ತುಂಡು. ಕ್ರ್ಯಾಂಕ್, ಫ್ಲೈವೀಲ್, ಆಯಿಲ್ ಪ್ಯಾನ್ ಮೂರೂ ಇದನ್ನು ಅನುಸರಿಸುತ್ತವೆ. ಆಯಿಲ್ ನೋಡುವ ಕಡ್ಡಿ 1980ಕ್ಕೆ ಮುಂಚಿನ ಬ್ಲಾಕುಗಳಲ್ಲಿ ಅಮೆರಿಕದ ಗಾಡಿಯ ಚಾಲಕನ ಬದಿ, ಅಂದರೆ ಎಡಕ್ಕೆ; ಆಮೇಲೆ ಬಲಕ್ಕೆ. ನಿಮ್ಮ ಹಳೆಯ ಪ್ಯಾನ್ ಹೊಸ ಬ್ಲಾಕಿಗೆ ಕೂರದಿರುವುದು ಇಂಥ ಸಣ್ಣ ವಿಷಯಕ್ಕೇ. ರೋಲರ್ ಲಿಫ್ಟರ್ (ಕ್ಯಾಮಿನ ಮೇಲೆ ಉರುಳುವ ಚಕ್ರವಿರುವ ಲಿಫ್ಟರ್) ಕೂರಿಸಲು ಬೇಕಾದ ಎರಕ ಬ್ಲಾಕಿನಲ್ಲಿ ಇದೆಯೇ, ಯಾಂತ್ರಿಕ ಫ್ಯುಯೆಲ್ ಪಂಪಿಗೆ ಜಾಗ ಇದೆಯೇ ಎಂಬುದನ್ನೂ ಕೇಳಿಕೊಳ್ಳಿ. ಷೆವರ್ಲೆಯ ಮುಂದಿನ ಪೀಳಿಗೆಯಾದ ಎಲ್‌ಎಸ್ ಸರಣಿಯ ಎಂಜಿನ್ನಾದರೆ, ಕ್ರ್ಯಾಂಕ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ರಿಲಕ್ಟರ್ ಚಕ್ರ 24 ಹಲ್ಲಿನದೋ 58 ಹಲ್ಲಿನದೋ ನೋಡಿ. ನಿಮ್ಮ ಕಂಪ್ಯೂಟರ್ ಓದುವುದು ಒಂದು, ಕ್ರ್ಯಾಂಕಿನಲ್ಲಿರುವುದು ಇನ್ನೊಂದು ಆದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.

ಹಳೆಯ ಬ್ಲಾಕನ್ನೇ ಬಳಸಿ ಕಟ್ಟಿದ್ದರೆ ಹೆದರಬೇಕಿಲ್ಲ. ಬಿರುಕಿನ ಪರೀಕ್ಷೆ ಆಗಿದೆಯೇ, ಬೋರಿನ ಗೋಡೆಯ ದಪ್ಪವನ್ನು ಸೋನಿಕ್ ಉಪಕರಣದಿಂದ ಅಳೆದಿದ್ದಾರೆಯೇ, ಹೋನಿಂಗ್ ಮಾಡುವಾಗ (ಬೋರನ್ನು ಕಲ್ಲಿನಿಂದ ಉಜ್ಜಿ ನಯಗೊಳಿಸುವಾಗ) ಹೆಡ್ಡಿನ ಬಿಗಿತವನ್ನು ಅನುಕರಿಸುವ ಟಾರ್ಕ್ ಪ್ಲೇಟ್ ಕಟ್ಟಿದ್ದರೇ ಎಂದು ವಿಚಾರಿಸಿ. ಪ್ಲೇಟ್ ಇಲ್ಲದೆ ಹೋನ್ ಮಾಡಿದ ಬೋರು ಹೆಡ್ ಬೋಲ್ಟ್ ಬಿಗಿದಾಗ ಸ್ವಲ್ಪ ಸೊಟ್ಟಗಾಗುತ್ತದೆ, ರಿಂಗಿನ ಹಿಡಿತ ಕೆಡುತ್ತದೆ.

ಒಳಗಿನ ಸಾಮಾನು

6000 ಆರ್‌ಪಿಎಂನಲ್ಲಿ 3.48 ಇಂಚಿನ ಸ್ಟ್ರೋಕಿನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.7 ಮೀಟರ್. 3.75ಕ್ಕೆ ಅದು 19 ಮೀಟರ್. ಉದ್ದ ಸ್ಟ್ರೋಕು ರಾಡು, ರಾಡ್ ಬೋಲ್ಟುಗಳ ಮೇಲೆ ಹೇರುವ ಹೊರೆ ಇದರಲ್ಲೇ ಕಾಣುತ್ತದೆ. ದಿನಬಳಕೆಯ, ಟರ್ಬೊ ಇಲ್ಲದ ಎಂಜಿನ್ನಿಗೆ ಎರಕದ ಕ್ರ್ಯಾಂಕ್, ಹೈಪರ್‌ಯುಟೆಕ್ಟಿಕ್ (ಸಿಲಿಕಾನ್ ಹೆಚ್ಚಿರುವ ಎರಕದ) ಪಿಸ್ಟನ್ ಸಾಕು. ಟರ್ಬೊ, ಸೂಪರ್‌ಚಾರ್ಜರ್, ನೈಟ್ರಸ್ ಯಾವುದಾದರೂ ಮುಂದೊಂದು ದಿನ ಬರುವುದಿದ್ದರೆ ಈಗಲೇ 4340 ಉಕ್ಕಿನಿಂದ ಫೋರ್ಜ್ ಮಾಡಿದ, ಅಂದರೆ ಒತ್ತಿ ಬಡಿದು ರೂಪಿಸಿದ ಕ್ರ್ಯಾಂಕ್, ಫೋರ್ಜ್ ಪಿಸ್ಟನ್ ಕೇಳಿ. ಫೋರ್ಜ್ ಪಿಸ್ಟನ್ನಿನಲ್ಲೂ ಎರಡು ಮಿಶ್ರಲೋಹ ಇವೆ. 4032ರಲ್ಲಿ ಸಿಲಿಕಾನ್ ಹೆಚ್ಚು, ಬಿಸಿಯಾದಾಗ ಹಿಗ್ಗುವುದು ಕಡಿಮೆ, ಹಾಗಾಗಿ ಬೋರಿನಲ್ಲಿ ಬಿಗಿಯಾಗಿ ಕೂರಿಸಬಹುದು. 2618 ಹೆಚ್ಚು ಪೆಟ್ಟು ತಡೆಯುತ್ತದೆ, ಆದರೆ ಸಂದು ಜಾಸ್ತಿ ಬಿಡಬೇಕಾದ್ದರಿಂದ ತಣ್ಣಗಿರುವಾಗ ಟಕಟಕ ಎನ್ನುತ್ತದೆ. ಆ ಸದ್ದು ಕೇಳಿ ಎಂಜಿನ್ ಹೋಯಿತೆಂದು ಗಾಬರಿಯಾಗುವವರಿದ್ದಾರೆ.

ಬ್ಲಾಕಿನ ಎತ್ತರ ಹೆಚ್ಚುವುದಿಲ್ಲವಲ್ಲ, ಹಾಗಾದರೆ ಸ್ಟ್ರೋಕ್ ಬೆಳೆದಷ್ಟೂ ಪಿಸ್ಟನ್ ಪಿನ್ನು ಮೇಲಕ್ಕೆ ಸರಿಯಬೇಕು. ಫೋರ್ಡ್ 302ರಿಂದ ಮಾಡುವ 347ರಲ್ಲಿ 5.4 ಇಂಚಿನ ರಾಡ್ ಹಾಕಿದಾಗ ಪಿನ್ನಿನ ತೂತು ಆಯಿಲ್ ರಿಂಗಿನ ಕಾಲುವೆಗೇ ತಾಗುತ್ತದೆ. ಅದಕ್ಕೆ ಆಧಾರಪಟ್ಟಿ ಕೊಟ್ಟು ಸರಿಪಡಿಸುತ್ತಾರೆ. ಹೆಚ್ಚು ಕಿಲೋಮೀಟರ್ ಓಡುವ ಗಾಡಿಯಾದರೆ ನಾನು ಇದನ್ನು ಕೇಳದೆ ಮುಂದೆ ಹೋಗಲಾರೆ.

ಅಳತೆಯ ಹಾಳೆ

ಒಳ್ಳೆಯ ಕಟ್ಟುಗಾರರು ಪ್ರತಿ ಎಂಜಿನ್ನಿಗೂ ಒಂದು ಬಿಲ್ಡ್ ಶೀಟ್ ಇಡುತ್ತಾರೆ. ಅದನ್ನು ಹಣ ಕೊಡುವ ಮೊದಲೇ ಕೇಳಿ. ಎಲ್ಲವೂ ಸರಿಯಾದ ಮಿತಿಯಲ್ಲಿದೆ ಎಂಬ ಉತ್ತರ ಉತ್ತರವೇ ಅಲ್ಲ, ಸಂಖ್ಯೆ ಬೇಕು. ಅಳತೆಗಳೆಲ್ಲ ಥೌ ಲೆಕ್ಕದಲ್ಲಿ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದಲ್ಲಿ ಇರುತ್ತವೆ.

ಬೇರಿಂಗ್ ಸಂದಿಗೆ ರೂಢಿಯ ಲೆಕ್ಕ ಜರ್ನಲ್ಲಿನ ಒಂದೊಂದು ಇಂಚು ವ್ಯಾಸಕ್ಕೆ ಒಂದು ಥೌ. 2.45 ಇಂಚಿನ ಮೇನ್ ಜರ್ನಲ್ಲಿಗೆ ಸುಮಾರು ಎರಡೂವರೆ ಥೌ, 2.1 ಇಂಚಿನ ರಾಡ್ ಜರ್ನಲ್ಲಿಗೆ ಎರಡು ಥೌಗಿಂತ ತುಸು ಹೆಚ್ಚು. ರಿಂಗಿನ ತುದಿಗಳ ನಡುವಿನ ಸಂದು, ಟರ್ಬೊ ಇಲ್ಲದ ಎಂಜಿನ್ನಿನ ಮೇಲಿನ ರಿಂಗಿಗೆ, ಬೋರಿನ ಇಂಚಿಗೆ ನಾಲ್ಕೂವರೆ ಥೌ, 4.030ಕ್ಕೆ ಸುಮಾರು 18 ಥೌ. ಟರ್ಬೊ, ನೈಟ್ರಸ್ ಇದ್ದರೆ ಇನ್ನೂ ಅಗಲ ಬೇಕು. ಇಲ್ಲದಿದ್ದರೆ ಬಿಸಿಗೆ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ ಪಿಸ್ಟನ್ನಿನ ಅಂಚನ್ನೇ ಕಿತ್ತುಹಾಕುತ್ತವೆ. ಮುಂದೆ ಟರ್ಬೊ ಹಾಕುವ ಆಸೆ ಇದ್ದರೆ ಇದನ್ನು ಆರ್ಡರ್ ಮಾಡುವಾಗಲೇ ಬಾಯಿಬಿಟ್ಟು ಹೇಳಬೇಕು.

ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಡೆಕ್ಕಿಗಿಂತ ಎಷ್ಟು ಕೆಳಗಿದೆ ಎಂಬ ಸಂಖ್ಯೆ ಬಹಳ ಮುಖ್ಯ. ಸ್ಮಾಲ್ ಬ್ಲಾಕಿನ ಮೂಲ ಡೆಕ್ ಎತ್ತರ 9.025 ಇಂಚು. ಅರ್ಧ ಸ್ಟ್ರೋಕ್ 1.875, ರಾಡ್ 6.000, ಪಿನ್ನಿನಿಂದ ಪಿಸ್ಟನ್ ತಲೆಗೆ 1.125. ಕೂಡಿಸಿದರೆ 9.000. ಡೆಕ್ಕನ್ನು ಮಿಲ್ಲಿಂಗ್ ಮಾಡದೆ ಬಿಟ್ಟರೆ ಪಿಸ್ಟನ್ 25 ಥೌ ಕೆಳಗೇ ನಿಲ್ಲುತ್ತದೆ. ಅದರ ಮೇಲೆ 40 ಥೌ ಗ್ಯಾಸ್ಕೆಟ್ ಹಾಕಿದರೆ ಹೆಡ್ಡಿನ ಚಪ್ಪಟೆ ಭಾಗಕ್ಕೂ ಪಿಸ್ಟನ್ನಿಗೂ ನಡುವೆ 65 ಥೌ. ಉಕ್ಕಿನ ರಾಡಿನ ಎಂಜಿನ್ನಿಗೆ ಇದು 35ರಿಂದ 45ರೊಳಗಿದ್ದರೆ ಮಿಶ್ರಣ ಚೆನ್ನಾಗಿ ಕಲಕಿ ಉರಿಯುತ್ತದೆ, ನಾಕಿಂಗ್ ತಡವಾಗುತ್ತದೆ. ಎಂಟೂ ಸಿಲಿಂಡರಿನ ಈ ಅಳತೆ ಹಾಳೆಯಲ್ಲಿದ್ದರೆ ಆ ಕಟ್ಟುಗಾರರನ್ನು ನಂಬಬಹುದು ಅನ್ನುವುದು ನನ್ನ ಲೆಕ್ಕ.

ಬ್ಯಾಲೆನ್ಸಿಂಗ್ ವಿವರವೂ ಅದೇ ಹಾಳೆಯಲ್ಲಿ ಬೇಕು. ಒಳಗಿನಿಂದಲೇ ಬ್ಯಾಲೆನ್ಸ್ ಆಗಿದೆಯೋ, ಕ್ರ್ಯಾಂಕಿನ ಮುಂದಿನ ಡ್ಯಾಂಪರ್ ಮತ್ತು ಹಿಂದಿನ ಫ್ಲೈವೀಲಿನಲ್ಲಿ ತೂಕ ಬೇಕೋ? ಫೋರ್ಡ್ 302ರಲ್ಲಿ 28 ಔನ್ಸಿನದೂ ಇದೆ, 50 ಔನ್ಸಿನದೂ ಇದೆ. ತಪ್ಪು ಡ್ಯಾಂಪರ್ ಹಾಕಿದರೆ ನಡುಕದಿಂದ ಬೇರಿಂಗುಗಳು ಹಾಳಾಗುತ್ತವೆ.

ರಾಡು ಬ್ಲಾಕಿಗೆ, ಕ್ಯಾಮಿಗೆ ತಗಲದಂತೆ ಬಿಟ್ಟ ಸಂದು ಎಷ್ಟೆಂದೂ ಕೇಳಿ. 50 ಥೌಗಿಂತ ಕಡಿಮೆ ಇರಬಾರದು. 383ರಲ್ಲಿ ರಾಡ್ ಬೋಲ್ಟಿನ ತಲೆ ಕ್ಯಾಮಿನ ಉಬ್ಬಿಗೆ ತೀರ ಹತ್ತಿರ ಹಾಯುತ್ತದೆ. ನೀವೇ ಕ್ಯಾಮ್ ಹಾಕುವುದಾದರೆ ಅದನ್ನು ಹಾಕಿ, ಎರಡು ಪೂರ್ತಿ ಸುತ್ತು ತಿರುಗಿಸಿ, ಎಂಟೂ ರಾಡುಗಳನ್ನು ನೋಡಲೇಬೇಕು.

ವಾರಂಟಿ, ಸಾಗಣೆ

ವಾರಂಟಿಯ ಸಣ್ಣ ಅಕ್ಷರ ಓದಿ. ರೇಸಿಂಗಿಗೆ ಬಳಸಿದರೆ, ಇಲ್ಲವೇ ಅನುಮತಿ ಇಲ್ಲದೆ ಬಿಚ್ಚಿದರೆ ರದ್ದು ಎಂದು ಬರೆದಿರುವುದು ಸಾಮಾನ್ಯ. ಅಳೆದು ನೋಡಲು ಒಂದು ಬೇರಿಂಗ್ ಕ್ಯಾಪ್ ಬಿಚ್ಚಬಹುದೇ ಎಂದು ಬರಹದಲ್ಲಿ ಕೇಳಿಟ್ಟುಕೊಳ್ಳಿ. ಹಳೆಯ ಬ್ಲಾಕ್ ಹಿಂದಿರುಗಿಸುವ ಷರತ್ತಿದ್ದರೆ ಠೇವಣಿ ಯಾವಾಗ ವಾಪಸು, ಎಂಥ ಬ್ಲಾಕ್ ಒಪ್ಪುವುದಿಲ್ಲ ಎಂಬುದೂ ಬರಹದಲ್ಲಿರಲಿ.

ಪೆಟ್ಟಿಗೆ ಬಂದಾಗ ಲಾರಿಯವರ ಕಾಗದಕ್ಕೆ ಸಹಿ ಹಾಕುವ ಮೊದಲು ತೆರೆದು ನೋಡಿ, ಫೋಟೊ ತೆಗೆಯಿರಿ. ಬ್ಲಾಕಿನ ಮೂಲೆ ಮುಕ್ಕಾಗಿದೆಯೇ, ಡೆಕ್ಕಿನ ಮೇಲೆ ಗೀರು ಇದೆಯೇ, ಬೋರಿನಲ್ಲಿ ತುಕ್ಕಿನ ಕಲೆ ಇದೆಯೇ?

ಬಂದ ಮೇಲೆ

ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿಯ) ಪ್ಲಗ್ಗುಗಳು, ಕ್ಯಾಮ್ ಬೇರಿಂಗ್, ಹೆಡ್ಡನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡವೆಲ್ ಪಿನ್ನುಗಳು ಇವೆಯೇ ಎಣಿಸಿ. ಒಂದು ಗ್ಯಾಲರಿ ಪ್ಲಗ್ ಬಿಟ್ಟುಹೋದರೆ ಆಯಿಲ್ ಒತ್ತಡವೇ ಬರದು. ಕ್ರ್ಯಾಂಕನ್ನು ಟಾರ್ಕ್ ವ್ರೆಂಚಿನಿಂದ ನಿಧಾನ ತಿರುಗಿಸಿ. ರಿಂಗಿನ ಎಳೆತ ಇದ್ದೇ ಇರುತ್ತದೆ, ಆದರೆ ಪೂರ್ತಿ ಸುತ್ತಿನಲ್ಲಿ ಒಂದೇ ಸಮ ಇರಬೇಕು. ಎಲ್ಲೋ ಒಂದು ಕಡೆ ಬಿಗಿದು ಮತ್ತೆ ಸಡಿಲವಾದರೆ ಅಲ್ಲಿಗೇ ನಿಲ್ಲಿಸಿ ಕಟ್ಟುಗಾರರಿಗೆ ಫೋನ್ ಮಾಡಿ. ಡಯಲ್ ಗೇಜ್ ಇಟ್ಟು ಒಂದನೇ ಸಿಲಿಂಡರಿನ ಡೆಕ್ ಅಳತೆ ತೆಗೆದು ಹಾಳೆಯ ಸಂಖ್ಯೆಗೆ ಹೋಲಿಸಿ. ಅದು ತಾಳೆಯಾಗದಿದ್ದರೆ ಹಾಳೆಯ ಮಿಕ್ಕ ಸಂಖ್ಯೆಗಳನ್ನೂ ನಂಬುವಂತಿಲ್ಲ.

ಹೆಡ್ ಕೂರಿಸುವಾಗ ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಮೆತ್ತನೆ ಜೇಡಿಮಣ್ಣಿಟ್ಟು ತಿರುಗಿಸಿ ಅಳೆಯಿರಿ. ಇನ್‌ಟೇಕಿಗೆ 80 ಥೌ, ಎಕ್ಸಾಸ್ಟಿಗೆ 100 ಥೌ ಎಂಬುದು ರೂಢಿ. ಪುಶ್ ರಾಡಿನ ಉದ್ದವನ್ನು ಹಳೆಯದರಿಂದ ಊಹಿಸಬೇಡಿ. ಗ್ಯಾಸ್ಕೆಟ್ಟಿನ ಬೋರು ಸಿಲಿಂಡರಿನ ಬೋರಿಗಿಂತ ದೊಡ್ಡದಿರಲಿ. ಪ್ಯಾನನ್ನು ಸುಮ್ಮನೆ ಇಟ್ಟು ಕ್ರ್ಯಾಂಕ್ ತಿರುಗಿಸಿ. ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಪ್ಯಾನಿನ ಒಳಗೋಡೆಗೂ ಆಯಿಲ್ ಕಡ್ಡಿಗೂ ತಗಲುವುದು ಹೊಸತಲ್ಲ.

ಕೊನೆಗೆ ಆಯಿಲ್. ಹಳೆಯ ಸ್ಮಾಲ್ ಬ್ಲಾಕಿನಲ್ಲಿ ಡಿಸ್ಟ್ರಿಬ್ಯೂಟರ್ ತೂತಿನಿಂದ ಡ್ರಿಲ್ ಇಳಿಸಿ ಪಂಪನ್ನು ತಿರುಗಿಸಬಹುದು. ಎಲ್‌ಎಸ್‌ನಲ್ಲಿ ಪಂಪು ಕ್ರ್ಯಾಂಕಿಗೇ ಕೂತಿರುವುದರಿಂದ ಒತ್ತಡದ ಟ್ಯಾಂಕಿನಿಂದ ಆಯಿಲ್ ನುಗ್ಗಿಸಬೇಕು. ನಡುನಡುವೆ ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸುತ್ತ, ಹದಿನಾರೂ ರಾಕರ್‌ಗಳಲ್ಲಿ ಆಯಿಲ್ ಕಾಣುವವರೆಗೆ ಸ್ಟಾರ್ಟ್ ಮಾಡಬೇಡಿ. ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಉರುಳುವ ಚಕ್ರವಿಲ್ಲದ ಲಿಫ್ಟರ್ ಉಜ್ಜಿಕೊಂಡು ಓಡುವಂಥದು) ಆದರೆ ಜಿಂಕ್ ಇರುವ ಆಯಿಲ್ ಹಾಕಿ, ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂ ಸುತ್ತಮುತ್ತ 20 ನಿಮಿಷ ಓಡಿಸಿ, ಐಡಲ್‌ಗೆ ಬಿಡಬೇಡಿ. ರೋಲರ್ ಕ್ಯಾಮಿಗೆ ಆ ಗೋಜಿಲ್ಲ. ಮೊದಲ ಆಯಿಲ್ ಬೇಗ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ಕಣ್ಣಿಗೆ ಕಾಣುವಷ್ಟು ದೊಡ್ಡ ಲೋಹದ ಚೂರು ಸಿಕ್ಕಿದರೆ ಗಾಡಿಯನ್ನು ರಸ್ತೆಗಿಳಿಸದೆ ಬಿಲ್ಡ್ ಶೀಟ್, ಫಿಲ್ಟರ್ ಎರಡನ್ನೂ ಹಿಡಿದು ಕಟ್ಟುಗಾರರ ಹತ್ತಿರ ಹೋಗಿ.